ಫಿಸಿಕ್ಸ್ ಓದೋಕೆ ಹೋಗಿ ಲೆಕ್ಕಪತ್ರ ಕಲಿತೆ: ಮೊದಲ ವರ್ಷದ ನನ್ನ ಓಪನ್ ಎಲೆಕ್ಟಿವ್

ನಾನು ಬಿಎಸ್ಸಿ ಸೇರಿದ್ದು 2021ರಲ್ಲಿ. ಆ ವರ್ಷ ನಮಗೆ ಸೆಕೆಂಡ್ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಕೊರೊನಾ ಅಂತ ರದ್ದು ಮಾಡಿ, ಎಸ್ಸೆಸ್ಸೆಲ್ಸಿ ಮತ್ತು ಫಸ್ಟ್ ಪಿಯು ಅಂಕಗಳನ್ನು ಕೂಡಿಸಿ ಪಾಸ್ ಮಾಡಿದರು. ಆಗಸ್ಟ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಡಿಗ್ರಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬರುತ್ತದೆ, ಇಡೀ ದೇಶದಲ್ಲಿ ಕರ್ನಾಟಕವೇ ಮೊದಲು, ಅದೂ ಇದೇ ವರ್ಷದಿಂದ. ಅಂದರೆ ನಮ್ಮ ಬ್ಯಾಚಿನಿಂದ.

ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜು. ಅಡ್ಮಿಷನ್ ದಿನ ಕೌಂಟರಿನಲ್ಲಿ ಕೊಟ್ಟ ಹಾಳೆ ನೋಡಿ ಅಪ್ಪ ಕೇಳಿದರು, "ಪಿಸಿಎಂ ಎಲ್ಲಿದೆ ಇದರಲ್ಲಿ?" ಇರಲಿಲ್ಲ. ಪಿಸಿಎಂ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ; ಹೊಸ ಪದ್ಧತಿಯಲ್ಲಿ ಮುಖ್ಯ ವಿಷಯ ಎರಡೇ. ನಾನು ಫಿಸಿಕ್ಸ್ ಮತ್ತು ಮ್ಯಾಥ್ಸ್ ಇಟ್ಟುಕೊಂಡು ಕೆಮಿಸ್ಟ್ರಿ ಬಿಟ್ಟೆ. ಎರಡು ಭಾಷೆ, ಡಿಜಿಟಲ್ ಫ್ಲುಯೆನ್ಸಿ, ಯೋಗ, ಹೆಲ್ತ್ ಅಂಡ್ ವೆಲ್‌ನೆಸ್ ಎಲ್ಲ ತಾವಾಗೇ ಬಂದವು. ಕೊನೆಯಲ್ಲಿ ಒಂದು ಖಾಲಿ ಚೌಕ. ಅದರ ಮೇಲೆ "ಓಪನ್ ಎಲೆಕ್ಟಿವ್". ನಾವೆಲ್ಲ ಅದನ್ನು ಓಇ ಅಂತ ಕರೆಯತೊಡಗಿದೆವು.

ನಿಮ್ಮ ವಿಭಾಗ ಬಿಟ್ಟು ಬೇರೆ ವಿಭಾಗದ ಒಂದು ವಿಷಯ ಆರಿಸಿಕೊಳ್ಳಿ ಅಂದರು. ಹನ್ನೆರಡು ವರ್ಷ ಶಾಲೆ-ಕಾಲೇಜಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಪಿಯುನಲ್ಲಿ ಸೈನ್ಸ್ ತಗೊಂಡಿದ್ದು ಕೂಡ ನಾನು ಆರಿಸಿದ್ದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಚೆನ್ನಾಗಿ ಬಂತು, ಹೋದೆ, ಅಷ್ಟೇ.

ಸೀನಿಯರ್‌ಗಳನ್ನು ಕೇಳೋಣ ಅಂದರೆ ಅವರೆಲ್ಲ ಹಳೆಯ ಪಿಸಿಎಂನವರು. ಓಇ ಅನ್ನೋದೇ ಅವರಿಗೆ ಗೊತ್ತಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಅಂತ ಈಗ ಅನಿಸುತ್ತದೆ. "ಅದು ಈಸಿ, ಇದು ತಗೋಬೇಡ" ಅನ್ನುವವರೇ ಇರಲಿಲ್ಲ.

ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದ್ದರು. ಕೆಮಿಸ್ಟ್ರಿಯಿಂದ ದಿನನಿತ್ಯದ ರಸಾಯನಶಾಸ್ತ್ರ, ಕಾಮರ್ಸ್‌ನಿಂದ "ಅಕೌಂಟಿಂಗ್ ಫಾರ್ ಎವೆರಿವನ್", ಇತಿಹಾಸದಿಂದ ಸಾಂಸ್ಕೃತಿಕ ಪರಂಪರೆ, ಹೀಗೆ. ನಮ್ಮ ಫಿಸಿಕ್ಸ್ ವಿಭಾಗದವರು ಬಿಎ, ಬಿಕಾಂನವರಿಗಾಗಿ "ಎನರ್ಜಿ ಸೋರ್ಸಸ್" ಇಟ್ಟಿದ್ದರು. ನಾನು ಎರಡು ನಿಮಿಷವೂ ಯೋಚಿಸದೆ ಕೆಮಿಸ್ಟ್ರಿ ಬರೆದೆ. ಬಿಟ್ಟುಹೋದ ವಿಷಯ ಹಿಂದಿನ ಬಾಗಿಲಿಂದ ಸಿಕ್ಕಿತಲ್ಲ ಅಂತ ಖುಷಿ. ಸಾಬೂನು, ಪ್ಲಾಸ್ಟಿಕ್, ಔಷಧಿ ಎಲ್ಲ ಪಿಯುನಲ್ಲೇ ಓದಿದ್ದೆ. ಓದದೇ ಅಂಕ ಬರುತ್ತದೆ ಅನ್ನೋದು ಒಳಗಿನ ಲೆಕ್ಕ.

ಮೊದಲ ಕ್ಲಾಸಿನಲ್ಲೇ ತಪ್ಪಾಯಿತು ಅನಿಸಿತು. ಆ ಪಾಠ ನನ್ನಂಥವರಿಗಾಗಿ ಮಾಡಿದ್ದಲ್ಲ. ಸೈನ್ಸ್ ಮುಟ್ಟದವರಿಗೂ ಅರ್ಥವಾಗಲಿ ಅಂತ ಮಾಡಿದ್ದು. ಪಕ್ಕದಲ್ಲಿ ಕೂತ ಬಿಎ ಹುಡುಗ ಕಣ್ಣರಳಿಸಿ ಕೇಳುತ್ತಿದ್ದ, ನಾನು ಆಕಳಿಸುತ್ತಿದ್ದೆ. ವಾರಕ್ಕೆ ಮೂರು ಗಂಟೆ ಹೀಗೇ ಕೂರಬೇಕಾ?

ಬದಲಿಸಬಹುದಾ ಅಂತ ಆಫೀಸಿನಲ್ಲಿ ಕೇಳಿದೆ. ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗೋವರೆಗೆ ಬದಲಿಸಬಹುದು, ಇನ್ನು ಹತ್ತು ದಿನ ಇದೆ ಅಂದರು. ಈ ಹತ್ತು ದಿನದ ವಿಷಯ ನೋಟಿಸಿನಲ್ಲಿ ಇರಲೇ ಇಲ್ಲ. ಕೇಳಿದವರಿಗೆ ಮಾತ್ರ ಗೊತ್ತಾಯಿತು. ನಮ್ಮ ಆಫೀಸುಗಳಲ್ಲಿ ಅರ್ಧ ನಿಯಮಗಳು ಕಿಟಕಿಯ ಆಚೆ ಕೂತವರ ಬಾಯಲ್ಲೇ ಇರುತ್ತವೆ ಅಲ್ವಾ?

ಅಂದು ರಾತ್ರಿ ಒಂದು ಲೆಕ್ಕ ಮಾಡಿದೆ. ಮೊದಲ ಸೆಮಿಸ್ಟರಿಗೆ ನನಗೆ ಒಟ್ಟು 25 ಕ್ರೆಡಿಟ್; ಕ್ರೆಡಿಟ್ ಅಂದರೆ ಸರಾಸರಿ ಹಾಕುವಾಗ ಒಂದೊಂದು ವಿಷಯಕ್ಕಿರುವ ತೂಕ. ಫಿಸಿಕ್ಸ್ ಮತ್ತು ಮ್ಯಾಥ್ಸ್‌ಗೆ ಥಿಯರಿ 4, ಪ್ರಾಕ್ಟಿಕಲ್ 2, ಅಂದರೆ ತಲಾ 6. ಭಾಷೆಗಳಿಗೆ ಮೂರು ಮೂರು. ಓಇಗೆ 3. ಗೊತ್ತಿಲ್ಲದ ವಿಷಯ ತಗೊಂಡು ಒಂದು ಗ್ರೇಡ್ ಪಾಯಿಂಟ್ ಕಳಕೊಂಡೆ ಅಂತಿಟ್ಟುಕೊಳ್ಳಿ. ಒಟ್ಟು ಸರಾಸರಿ ಇಳಿಯೋದು 25ರಲ್ಲಿ 3, ಅಂದರೆ 0.12. ಎರಡು ಪಾಯಿಂಟ್ ಹೋದರೂ ಕಾಲು ಪಾಯಿಂಟ್ ಇಲ್ಲ. ಜೊತೆಗೆ ನೂರರಲ್ಲಿ 40 ಅಂಕ ಕಾಲೇಜಿನಲ್ಲೇ ಕೊಡುವ ಇಂಟರ್ನಲ್, ಪರೀಕ್ಷೆ 60ಕ್ಕೆ. ಇಷ್ಟು ಸಣ್ಣ ನಷ್ಟಕ್ಕೆ ಹೆದರಿ ಗೊತ್ತಿರೋದನ್ನೇ ಮತ್ತೆ ಓದೋಕೆ ಹೊರಟಿದ್ದೆನಾ ಅಂತ ನಗು ಬಂತು.

ಮುಂದಿನ ವಾರ ಬೇರೆ ಬೇರೆ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತೆ. ಎಲ್ಲ ಓಇಗಳಿಗೂ ಒಂದೇ ಹೊತ್ತು, ವಾರದಲ್ಲಿ ಮೂರು ದಿನ ಬೆಳಗಿನ ಮೊದಲ ಪಿರಿಯಡ್. ಹಾಗಾಗಿ ಒಂದು ದಿನಕ್ಕೆ ಒಂದೇ ನೋಡಲು ಆಗುತ್ತಿತ್ತು. ಯಾರೂ ಯಾಕೆ ಬಂದೆ ಅಂತ ಕೇಳಲಿಲ್ಲ. ಮೊದಲ ವಾರಗಳಲ್ಲಿ ಯಾರು ಯಾವ ಕ್ಲಾಸಿನವರು ಅನ್ನೋದು ಮೇಷ್ಟ್ರುಗಳಿಗೇ ಗೊತ್ತಿರಲಿಲ್ಲ. ಇತಿಹಾಸದ ಕ್ಲಾಸ್ ಚೆನ್ನಾಗಿತ್ತು. ಇಕ್ಕೇರಿ, ಕೆಳದಿ ದೇವಸ್ಥಾನಗಳ ಬಗ್ಗೆ ಹೇಳುತ್ತಿದ್ದರು. ಅಲ್ಲೇ ನಿಂತುಬಿಡೋಣ ಅನಿಸಿತ್ತು. ಆದರೆ ಮೂರನೇ ದಿನ ಕಾಮರ್ಸ್ ಕ್ಲಾಸಿಗೆ ಹೋದೆ.

ಮೇಡಂ ಬೋರ್ಡಿನ ಮೇಲೆ ಬರೆದಿದ್ದು ಒಂದೇ ಸಾಲು. "ಪಡೆಯುವವನ ಖಾತೆಗೆ ಖರ್ಚು, ಕೊಡುವವನ ಖಾತೆಗೆ ಜಮೆ." ಖರ್ಚು ಅಂದರೆ ಡೆಬಿಟ್, ಜಮೆ ಅಂದರೆ ಕ್ರೆಡಿಟ್; ಅಂಗಡಿಗೆ ನಗದು ಬಂದರೆ ನಗದು ಖಾತೆಗೆ ಡೆಬಿಟ್ ಅಂದರು. ನಾನು ಕೈ ಎತ್ತಿದೆ. "ಮೇಡಂ, ಪಾಸ್‌ಬುಕ್‌ನಲ್ಲಿ ದುಡ್ಡು ಹಾಕಿದರೆ ಕ್ರೆಡಿಟ್ ಅಂತ ಬರುತ್ತಲ್ಲ?" ಅವರು ನಕ್ಕರು. "ಆ ಪುಸ್ತಕ ಯಾರದ್ದು? ಬ್ಯಾಂಕಿನದ್ದು. ಅವರ ಕಡೆಯಿಂದ ನೋಡಿದರೆ ಕೊಟ್ಟವನು ನೀನು. ಕೊಟ್ಟವನಿಗೆ ಜಮೆ."

ಅದು ನನಗೆ ಫಿಸಿಕ್ಸ್ ಕ್ಲಾಸಿನ ಹಾಗೇ ಕೇಳಿಸಿತು. ಬಸ್ಸಿನೊಳಗೆ ಕೂತವನಿಗೆ ಪಕ್ಕದವನು ನಿಂತಲ್ಲೇ ಇದ್ದಾನೆ, ರಸ್ತೆಯಲ್ಲಿ ನಿಂತವನಿಗೆ ಓಡುತ್ತಿದ್ದಾನೆ. ಯಾರ ಫ್ರೇಮಿನಲ್ಲಿ ನಿಂತು ನೋಡುತ್ತೀರಿ ಅನ್ನೋದನ್ನು ಮೊದಲು ಹೇಳಬೇಕು. ಅಂದೇ ಆಫೀಸಿಗೆ ಹೋಗಿ ಕೆಮಿಸ್ಟ್ರಿ ಹೊಡೆದು ಅಕೌಂಟಿಂಗ್ ಬರೆಸಿದೆ.

ಬರೆಸುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ. ಈ ಪಾಠ ಕೊನೆವರೆಗೂ ಯಾರು ಮಾಡುತ್ತಾರೆ? ಸರ್ಕಾರಿ ಕಾಲೇಜಿನಲ್ಲಿ ಓದಿದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಅರ್ಧಕ್ಕರ್ಧ ಪಾಠ ಅತಿಥಿ ಉಪನ್ಯಾಸಕರ ಮೇಲೇ ನಡೆಯೋದು. ಅದೇ ಡಿಸೆಂಬರ್‌ನಲ್ಲಿ ಅವರು ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿ ಮುಷ್ಕರಕ್ಕೆ ಕೂತರು. ಜನವರಿಯಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು. ಅವರು ಕೇಳಿದ್ದು ನ್ಯಾಯವೇ. ಆದರೆ ಆ ತಿಂಗಳು ನಮ್ಮಲ್ಲಿ ಹಲವು ಓಇಗಳು ನಿಂತೇ ಹೋದವು. ನಮ್ಮ ಮೇಡಂ ಕಾಯಂ ನೌಕರಿಯವರು, ಹಾಗಾಗಿ ನಮ್ಮ ಕ್ಲಾಸ್ ನಡೆಯುತ್ತಿತ್ತು. ಕೆಮಿಸ್ಟ್ರಿಯಲ್ಲೇ ಉಳಿದ ನನ್ನ ಗೆಳೆಯರು ಆ ಹೊತ್ತಲ್ಲಿ ಕ್ಯಾಂಟೀನಿನಲ್ಲಿ ಇರುತ್ತಿದ್ದರು. ಅವರು ಅದನ್ನು ನಷ್ಟ ಅಂತ ಲೆಕ್ಕ ಹಾಕಲಿಲ್ಲ, ಅದು ಬೇರೆ ಮಾತು.

ಇಂಟರ್ನಲ್‌ಗೆ ಮೇಡಂ ಕೊಟ್ಟ ಕೆಲಸ ಹೀಗಿತ್ತು. ಮನೆಯ ಒಂದು ನಿಜವಾದ ವ್ಯವಹಾರ ತನ್ನಿ, ಅದನ್ನು ಪುಸ್ತಕಕ್ಕೆ ಏರಿಸಿ. ಬಹಳ ಜನ ಕಿರಾಣಿ ಅಂಗಡಿ ಬಿಲ್ ತಂದರು. ನಾನು ಅಪ್ಪನ ಕಬ್ಬಿಣದ ಪೆಟ್ಟಿಗೆಯಿಂದ ಹಿಂದಿನ ವರ್ಷದ ಅಡಿಕೆ ಮಂಡಿ (ಅಡಿಕೆ ಮಾರಿಸಿಕೊಡುವ ವರ್ತಕರ ಅಂಗಡಿ) ಚೀಟಿ ತೆಗೆದೆ.

ಅಡಿಕೆ ಸೀಮೆಯವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಗೊಬ್ಬರ ಬೇಕು, ಕೂಲಿ ಬೇಕು. ಮಂಡಿಯಿಂದ ಮುಂಗಡ ತರುತ್ತೇವೆ. ಕೊಯ್ಲಾದ ಮೇಲೆ ರಾಶಿ ಅಡಿಕೆಯನ್ನು ಅದೇ ಮಂಡಿಗೆ ಹಾಕುತ್ತೇವೆ. ರೇಟು ನೋಡಿ ಯಾವಾಗಲೋ ಮಾರಾಟ. ಚೀಟಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅಪ್ಪ ನೋಡೋದು ಕೆಳಗಿನ ಕೊನೆಯ ಅಂಕಿ ಮಾತ್ರ.

ಆ ವರ್ಷ ಜೂನ್‌ನಲ್ಲಿ 60,000 ತಂದಿದ್ದರು. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ. ಅಡಿಕೆ ಹಾಕಿದ್ದು ಜನವರಿಯಲ್ಲಿ, 6 ಕ್ವಿಂಟಲ್. ಮಾರಿದ್ದು ಏಪ್ರಿಲ್‌ನಲ್ಲಿ, ರೇಟು ಏರಲಿ ಅಂತ ಕಾದು. ಹತ್ತು ತಿಂಗಳಿಗೆ ಬಡ್ಡಿ 9,000. ಅದರಲ್ಲಿ ಕಾದ ಮೂರು ತಿಂಗಳದ್ದೇ 2,700. ಆರು ಕ್ವಿಂಟಲ್‌ಗೆ ಹಂಚಿದರೆ ಕ್ವಿಂಟಲ್‌ಗೆ 450. ಅಂದರೆ ರೇಟು 450 ಏರಿದರೆ ಕಾದಿದ್ದಕ್ಕೆ ಸರಿಸಮ. ಅದರ ಮೇಲೆ ಏರಿದ್ದು ಮಾತ್ರ ನಮ್ಮದು. ಮಂಡಿಯವರ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ನಾವು ಅದನ್ನು ನಮ್ಮ ಕಡೆಯಿಂದ ಬರೆದು ನೋಡಿರಲಿಲ್ಲ, ಅಷ್ಟೇ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದನ್ನ ಕಲಿಯೋಕೆ ನಿನ್ನ ಸೈನ್ಸಿಗೆ ಸೇರಿಸಬೇಕಿತ್ತಾ?" ಅಂದರು. ಆಮೇಲೆ ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.

ಇಷ್ಟು ಹೇಳಿದರೆ ನಾನು ಬಹಳ ಜಾಣ ಅನಿಸಬಹುದು. ಹಾಗಾಗಿ ಎರಡನೇ ಸೆಮಿಸ್ಟರಿನ ಕಥೆಯನ್ನೂ ಹೇಳಬೇಕು.

ಮತ್ತೆ ಹೊಸ ಓಇ ಆರಿಸಬೇಕಿತ್ತು. ಕಾಮರ್ಸ್‌ನವರು ಈ ಸಲ "ಇನ್ವೆಸ್ಟಿಂಗ್ ಇನ್ ಸ್ಟಾಕ್ ಮಾರ್ಕೆಟ್ಸ್" ಇಟ್ಟಿದ್ದರು. ಕಾಲೇಜಿಗೆ ಕಾಲೇಜೇ ಅದಕ್ಕೆ ಮುಗಿಬಿತ್ತು. ಲಾಕ್‌ಡೌನಿನಲ್ಲಿ ಎಲ್ಲರ ಮೊಬೈಲಿನಲ್ಲೂ ಷೇರಿನ ವಿಡಿಯೋಗಳೇ. ಈ ಸಲ ನಾನು ಯಾವ ಕ್ಲಾಸಿಗೂ ಹೋಗಿ ಕೂರಲಿಲ್ಲ, ಯಾರು ಪಾಠ ಮಾಡುತ್ತಾರೆ ಅಂತ ಕೇಳಲಿಲ್ಲ, ಸಿಲಬಸ್ ಹಾಳೆ ಕೂಡ ತಿರುಗಿಸಲಿಲ್ಲ. ಹೆಸರು ನೋಡಿದೆ, ಬರೆದೆ.

ಜನ ಜಾಸ್ತಿಯಾಗಿ ಎರಡು ಸೆಕ್ಷನ್ ಮಾಡಿದರು. ನನ್ನದು ಬಿ ಸೆಕ್ಷನ್, ಕೊನೆಯ ಪಿರಿಯಡ್, ಮೂರೂವರೆಯಿಂದ ನಾಲ್ಕೂವರೆ. ನಮ್ಮೂರಿನ ಬಸ್ಸು ನಾಲ್ಕೂ ಹತ್ತಕ್ಕೆ. ಅದು ಬಿಟ್ಟರೆ ಆರೂವರೆಗೆ. ವಾರದಲ್ಲಿ ಮೂರು ದಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗಂಟೆ. ಮನೆ ಮುಟ್ಟುವಾಗ ಕತ್ತಲು, ಮಳೆ, ಜಿಗಣೆ. ಪಾಠವೋ, ಸೆಬಿ ಅಂದರೇನು, ಐಪಿಒ ಅಂದರೇನು, ಡಿಮ್ಯಾಟ್ ಖಾತೆಯ ಅನುಕೂಲಗಳನ್ನು ಬರೆಯಿರಿ. ಕಂಪ್ಯೂಟರ್ ಲ್ಯಾಬ್ ಇನ್ನೊಬ್ಬರಿಗೆ ಹಂಚಿಕೆಯಾಗಿತ್ತು. ನೋಟ್ಸ್ ಬರೆಸುತ್ತಿದ್ದರು, ಬರೆಯುತ್ತಿದ್ದೆವು.

ಒಂದೇ ಒಂದು ದಿನ ಆ ಕ್ಲಾಸಿಗೆ ಜೀವ ಬಂತು. 2022ರ ಮೇ ತಿಂಗಳು, ಎಲ್‌ಐಸಿ ಷೇರು ಮಾರುಕಟ್ಟೆಗೆ ಬಂದ ದಿನ. ವಿತರಣೆ ಬೆಲೆ 949, ಬಿಎಸ್‌ಇಯಲ್ಲಿ ಶುರುವಾಗಿದ್ದೇ 867ಕ್ಕೆ. ಒಬ್ಬ ಹುಡುಗನ ಮಾವ ಪಾಲಿಸಿದಾರರ ಕೋಟಾದಲ್ಲಿ ಹಾಕಿದ್ದರಂತೆ. ಅವರಿಗೆ 60 ರೂಪಾಯಿ ರಿಯಾಯಿತಿ ಇತ್ತು. ಆದರೂ ನಷ್ಟವಾ ಅಂತ ಅವನು ಕೇಳಿದ. ಸರ್ ನೋಟ್ಸ್ ಮುಚ್ಚಿಟ್ಟು ಬೋರ್ಡಿನ ಮೇಲೆ ಲೆಕ್ಕ ಹಾಕಿದರು: 889ಕ್ಕೆ ಕೊಂಡಿದ್ದು 867, ಷೇರಿಗೆ 22 ರೂಪಾಯಿ ಕೈ ಬಿಟ್ಟಿತು. ಅವತ್ತು ಮಾತ್ರ ನನಗೆ ಬಸ್ಸಿನ ನೆನಪಾಗಲಿಲ್ಲ. ಮರುದಿನದಿಂದ ಮತ್ತೆ ಅನುಕೂಲಗಳು, ಅನನುಕೂಲಗಳು.

ವಿಚಿತ್ರ ಅಂದರೆ ಷೇರಿನಲ್ಲಿ ನನಗೆ ಅಕೌಂಟಿಂಗ್‌ಗಿಂತ ಏಳು ಅಂಕ ಜಾಸ್ತಿ ಬಂತು. ಅಂಕಪಟ್ಟಿ ಮಾತ್ರ ನೋಡುವವರಿಗೆ ನನ್ನ ಎರಡನೇ ಆಯ್ಕೆಯೇ ಒಳ್ಳೆಯದು ಅನಿಸುತ್ತದೆ.

ಗೆಳತಿಯೊಬ್ಬಳು, ಬಿಎ ಓದುತ್ತಿದ್ದವಳು, ನಮ್ಮ ವಿಭಾಗದ ಎನರ್ಜಿ ಸೋರ್ಸಸ್ ತಗೊಂಡಿದ್ದಳು. ಅವಳ ಮನೆ ಇರೋದು ಶರಾವತಿ ಹಿನ್ನೀರಿನ ದಂಡೆಯಲ್ಲಿ. ಅವಳ ಅಜ್ಜನ ಗದ್ದೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಹೋಗಿತ್ತು. "ನಮ್ಮ ಗದ್ದೆ ಮುಳುಗಿಸಿ ಅದೆಷ್ಟು ಕರೆಂಟ್ ತೆಗೆದರು ನೋಡೋಣ ಅಂತ ಸೇರಿದೆ" ಅಂದಿದ್ದಳು. ಸೂತ್ರಗಳು ಅವಳಿಗೆ ಕಷ್ಟವಾದವು, ಎರಡು ಸಲ ನನ್ನ ಹತ್ತಿರ ಹೇಳಿಸಿಕೊಂಡಳು. ಆದರೆ ಬೀಳುವ ನೀರಿನ ಎತ್ತರಕ್ಕೂ ವಿದ್ಯುತ್ತಿಗೂ ಇರುವ ಸಂಬಂಧ ಅವಳು ಕೇಳಿದಷ್ಟು ಆಸಕ್ತಿಯಿಂದ ನಮ್ಮ ಬಿಎಸ್ಸಿಯವರು ಯಾರೂ ಕೇಳಲಿಲ್ಲ. ಇಡೀ ಬ್ಯಾಚಿನಲ್ಲಿ ಸರಿಯಾದ ಕಾರಣಕ್ಕೆ ಓಇ ಆರಿಸಿದ್ದು ಅವಳೊಬ್ಬಳೇ ಇರಬೇಕು.

2024ರಲ್ಲಿ ನನ್ನ ತಮ್ಮ ಡಿಗ್ರಿ ಸೇರುವ ಹೊತ್ತಿಗೆ ಸರ್ಕಾರ ನಮ್ಮ ಬ್ಯಾಚಿನ ಆ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ, ಮೂರು ವಿಷಯಕ್ಕೆ ಮರಳಿತ್ತು. ಅವನಿಗೆ ಪೂರ್ತಿ ಪಿಸಿಎಂ ಸಿಕ್ಕಿತು, ಕೆಮಿಸ್ಟ್ರಿಯೂ ಸೇರಿ. ಅಪ್ಪನಿಗೆ ಸಮಾಧಾನ. ಅಡ್ಮಿಷನ್ ಮುಗಿಸಿ ಬಂದ ದಿನ ತಮ್ಮನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕೇಳಿದರು: "ಮಂಡಿ ಚೀಟಿ ಓದೋದು ನಿಂಗೂ ಹೇಳಿಕೊಡ್ತಾರೇನೋ?"

ಅವನು ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ ಪೆಟ್ಟಿಗೆಯಿಂದ ಈ ವರ್ಷದ ಚೀಟಿ ತಂದೆ.