ಡೆವಲಪರ್‌ನ ಒಂದು ಗಂಟೆ ಎಷ್ಟಕ್ಕೆ ಬೀಳುತ್ತದೆ? ನನ್ನ ಲೆಕ್ಕ

ಸಂಬಳವನ್ನು 1.3ರಿಂದ ಗುಣಿಸಿ (ಇತರ ಖರ್ಚಿಗೆ ಶೇ 30 ಸೇರಿಸಿ) ವಾರಕ್ಕೆ 40ರಂತೆ ವರ್ಷದ 2080 ಗಂಟೆಗೆ ಭಾಗಿಸಿದರೆ ಸಾಕು ಎಂದು ಲೆಕ್ಕಪತ್ರದವರು ಪಟ್ಟು ಹಿಡಿದಿದ್ದರು. ಹಾಗೆ ಹಾಕಿದ ಅಂದಾಜು ಪ್ರತಿ ಪ್ರಾಜೆಕ್ಟ್‌ನಲ್ಲೂ ಕೈಕೊಟ್ಟಿತು. ನನ್ನ ಅಂದಾಜು ವರ್ಷದ ಕೊನೆಯ ಖರ್ಚಿನ ಜೊತೆ ಶೇ 4–5ರ ಒಳಗೆ ತಾಳೆಯಾದ ಮೇಲೆ ಅವರ ತಕರಾರು ನಿಂತುಹೋಗಿದೆ.

ವರ್ಷದ ಸಂಬಳ 100 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ನಿವೃತ್ತಿ ನಿಧಿ, ವಿಮೆ ಸೇರಿ ಸುಮಾರು 15. ಲ್ಯಾಪ್‌ಟಾಪ್ ಬೆಲೆಯನ್ನು 3 ವರ್ಷಕ್ಕೆ ಹಂಚಿ, ಲೈಸೆನ್ಸ್, ಟೆಸ್ಟ್ ಸರ್ವರ್ ಸೇರಿಸಿದರೆ 6. ಎಂಟು ಜನಕ್ಕೊಬ್ಬ ಮ್ಯಾನೇಜರ್. ಅವರ ಖರ್ಚು 160 ಆದರೆ ತಲೆಗೆ 20. ಜನ ಸರಾಸರಿ 3 ವರ್ಷ ಉಳಿದರೆ, ನೇಮಕಾತಿ ಕಮಿಷನ್ 20ರಲ್ಲಿ ವರ್ಷಕ್ಕೆ 7. ಹೊಸಬರು ಮೊದಲ 3 ತಿಂಗಳು ಅರ್ಧ ಕೆಲಸ ಮಾಡುವುದರಿಂದ ಒಂದೂವರೆ ತಿಂಗಳ ಸಂಬಳ ಹೋಗುತ್ತದೆ, ಅದನ್ನೂ ಹಂಚಿದರೆ 4. ಒಟ್ಟು 152. ಮ್ಯಾನೇಜರೂ ಕೋಡ್ ಬರೆಯುವವರಾದರೆ ಆ 20ನ್ನು ಅರ್ಧಕ್ಕಿಳಿಸಿ, ಇಲ್ಲದಿದ್ದರೆ ಎರಡು ಸಲ ಎಣಿಸಿದಂತಾಗುತ್ತದೆ.

ಎಲ್ಲರೂ ಎಡವುವುದು ಛೇದದಲ್ಲಿ, ಅಂದರೆ ಗಂಟೆಗಳ ಲೆಕ್ಕದಲ್ಲಿ. ವರ್ಷದ 260 ಕೆಲಸದ ದಿನಗಳಲ್ಲಿ ರಜೆ, ಕಾಯಿಲೆ, ತರಬೇತಿ ಕಳೆದರೆ 220 ಉಳಿದರೆ ಹೆಚ್ಚು. ದಿನಕ್ಕೆ 8ರಂತೆ ಅದು 1760 ಗಂಟೆ. ಅದರಲ್ಲಿ ದಿನಕ್ಕೆ 2 ಗಂಟೆ ಮೀಟಿಂಗ್, ಮೇಲ್, ಸಂದರ್ಶನಗಳಿಗೆ ಹೋಗುತ್ತದೆ. ಉಳಿದದ್ದು 1320 ಗಂಟೆ. ಅದರಲ್ಲಿ ಐದನೇ ಒಂದು ಪಾಲು ಹಳೆಯ ಬಗ್‌ಗಳಿಗೆ (ಕೋಡ್‌ನ ದೋಷಗಳಿಗೆ) ಮೀಸಲಾದರೆ ಹೊಸ ಕೆಲಸಕ್ಕೆ 1050 ಚಿಲ್ಲರೆ. ಸಂಬಳವನ್ನಷ್ಟೇ 2080ಕ್ಕೆ ಭಾಗಿಸಿದ ದರಕ್ಕೆ ಹೋಲಿಸಿದರೆ ಹೊಸ ಕೆಲಸದ ಗಂಟೆ ಮೂರು ಪಟ್ಟು ದುಬಾರಿ.

ಟೈಮ್‌ಶೀಟ್ ನಂಬಿ ಎರಡು ತ್ರೈಮಾಸಿಕ ಹಾಳಾದವು. ಜನ ಅದನ್ನು ಶುಕ್ರವಾರ ಸಂಜೆ ಒಟ್ಟಿಗೆ ತುಂಬುತ್ತಾರೆ, ಎಲ್ಲ ದಿನವೂ ಸರಿಯಾಗಿ 8 ಗಂಟೆ! ಕ್ಯಾಲೆಂಡರ್ ಮತ್ತು ಟಿಕೆಟ್‌ಗಳ (ಪ್ರತಿ ಕೆಲಸದ ನಮೂದುಗಳ) ದಿನಾಂಕದಿಂದ ಗಂಟೆ ತೆಗೆದದ್ದೇ ದಾರಿ. ನಾಲ್ಕೈದು ಜನರ ತಂಡದಲ್ಲಿ ಈ ಲೆಕ್ಕಕ್ಕೆ ನಿಜವಾದ ಸಂಬಳ ಹಾಕಬೇಡಿ, ಯಾರದ್ದು ಎಷ್ಟೆಂದು ಹಿಂದಿನಿಂದ ಲೆಕ್ಕ ಹಾಕಿಬಿಡುತ್ತಾರೆ; ಆಯಾ ದರ್ಜೆಯ ಸಂಬಳ ಶ್ರೇಣಿಯ ನಡುಬಿಂದು ಸಾಕು.

152ನ್ನು 1320ಕ್ಕೆ ಭಾಗಿಸಿದ ದರದಿಂದ, ಬಿಲ್ಡ್ ಮಾಡುವ (ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿಸುವ) ಮೆಷಿನ್‌ಗಳನ್ನೂ ಅಳೆದೆ. ವೇಗದ ಮೆಷಿನ್‌ನಲ್ಲಿ 12 ನಿಮಿಷದ ಬಿಲ್ಡ್ 5ಕ್ಕಿಳಿಯಿತು. ದಿನಕ್ಕೆ 8 ಬಿಲ್ಡ್ ಅಂದರೆ 56 ನಿಮಿಷ ಉಳಿತಾಯ. ಕಾಯುವಾಗ ಜನ ಬೇರೆ ಕೆಲಸವನ್ನೂ ಮಾಡುವುದರಿಂದ ಅರ್ಧವನ್ನಷ್ಟೇ ಹಿಡಿದೆ. ಆದರೂ ವರ್ಷಕ್ಕೆ ತಲೆಗೆ 100 ಗಂಟೆ ದಾಟಿತು, ಸಂಬಳದ ಶೇ 12ರಷ್ಟು. ಮೆಷಿನ್‌ನ ಹೆಚ್ಚುವರಿ ಬೆಲೆ ಶೇ 1 ಕೂಡ ಇರಲಿಲ್ಲ.

ಗುತ್ತಿಗೆಯವರ ದರ ಕಾಯಂ ನೌಕರರ ಸಂಬಳದ ಗಂಟೆಗಿಂತ ಒಂದೂವರೆ ಪಟ್ಟು ಇದ್ದರೆ ಎರಡೂ ಹೆಚ್ಚುಕಡಿಮೆ ಸಮ, ಏಕೆಂದರೆ ಅವರಿಗೆ ರಜೆಯ ದುಡ್ಡಾಗಲಿ, ನಿವೃತ್ತಿ ನಿಧಿ, ವಿಮೆಯಾಗಲಿ ಇಲ್ಲ. ಆದರೆ ಮೀಟಿಂಗ್‌ನ ಗಂಟೆಗಳಿಗೂ ಅವರ ಬಿಲ್ ಬರುತ್ತದೆ. ಹಾಗಾಗಿ ಅವರನ್ನು 1760 ಗಂಟೆಯ ಮೇಲೆ ಅಳೆಯಿರಿ, 1320ರ ಮೇಲಲ್ಲ.