ಫ್ಯೂಜಿಯ ಬದಲು ಸದಾಶಿವಗಡ

ನನಗೆ ವಾರಕ್ಕೆ ಸಿಗುವುದು ಒಂದೇ ಭಾನುವಾರ. ಅದಕ್ಕೆ ಹಕ್ಕುದಾರರು ನಾಲ್ವರು: ಕ್ಯಾಮೆರಾ, ತಿರುಗಾಟ, ಜಪಾನಿ ಭಾಷೆ, ಮತ್ತು ಶಿರಸಿ ಸೀಮೆಯ ನಮ್ಮ ಮನೆಯಲ್ಲಿರುವ ಆಯಿ, ಅಂದರೆ ತಾಯಿ. ಕೆಲಸ ಕಾರವಾರದಲ್ಲಿ, ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ಸಂಬಳದ ಕಥೆಯೂ ಭಾನುವಾರದ್ದೇ, ಇರುವುದು ಒಂದು, ಕೈ ಚಾಚುವವರು ನಾಲ್ಕು ಕಡೆಯಿಂದ.

ಮೊದಲು ವೇಳಾಪಟ್ಟಿ ಮಾಡಿ ನೋಡಿದೆ. ತಿಂಗಳ ಮೊದಲ ಭಾನುವಾರ ಫೋಟೋ, ಎರಡನೆಯದು ಊರು, ಮೂರನೆಯದು ಓದು, ನಾಲ್ಕನೆಯದು ಎಲ್ಲಾದರೂ ತಿರುಗಾಟ. ಲೆಕ್ಕದವನಿಗೆ ಕಾಗದದ ಮೇಲೆ ಎಲ್ಲವೂ ತಾಳೆಯಾಗುತ್ತದೆ. ಫೋಟೋ ದಿನ ಧಾರಾಕಾರ ಮಳೆ, ಓದುವ ದಿನ ಕಿಟಕಿಯಾಚೆ ಬಂಗಾರದಂಥ ಬಿಸಿಲು. ಯಾಣಕ್ಕೆ ಹೋದವನು ಬಂಡೆ ನೋಡುತ್ತಲೇ ಕಾಂಜಿ ಎಂಬ ಜಪಾನಿ ಲಿಪಿ ಬಾಯಿಪಾಠ ಮಾಡಿ ಎರಡನ್ನೂ ಕೆಡಿಸಿಕೊಂಡೆ. ಆರು ತಿಂಗಳಲ್ಲಿ ಪಟ್ಟಿ ಹರಿದು ಹಾಕಿದೆ.

ದಾರಿ ತೋರಿಸಿದ್ದು ಹೊಕುಸಾಯ್ ಎಂಬ ಹಳೆಯ ಜಪಾನಿ ಚಿತ್ರಗಾರ. ಆತನ ಅಲೆಯ ಚಿತ್ರವನ್ನು ಅಂಗಿ, ಚಾ ಕಪ್ಪು, ಮೊಬೈಲ್ ಕವರುಗಳ ಮೇಲೆ ನೀವೂ ನೋಡಿರುತ್ತೀರಿ. ಅದು ಬಿಡಿ ಚಿತ್ರವಲ್ಲ, ಫ್ಯೂಜಿ ಪರ್ವತದ ಮೂವತ್ತಾರು ನೋಟಗಳೆಂಬ ಮರದಚ್ಚಿನ ಸರಣಿಯದು. ಶುರು ಮಾಡುವಾಗ ಆತನಿಗೆ ಎಪ್ಪತ್ತರ ಆಸುಪಾಸು, 1830ರ ಸುಮಾರು. ಜನ ಮೆಚ್ಚಿ ಇನ್ನೂ ಹತ್ತು ಸೇರಿ ಕೊನೆಗೆ 46 ಆದವು, ಹೆಸರು ಮಾತ್ರ ಮೂವತ್ತಾರೇ ಉಳಿಯಿತು. ಅಲೆಯ ಚಿತ್ರವನ್ನು ಎಷ್ಟೋ ವರ್ಷ ನೋಡಿದ್ದರೂ ಅದರೊಳಗೆ ಫ್ಯೂಜಿ ಇದೆಯೆಂದು ನಾನು ಗಮನಿಸಿರಲಿಲ್ಲ. ಇದೆ, ನಡುವೆ, ದೂರದಲ್ಲಿ, ಇನ್ನೊಂದು ಸಣ್ಣ ಅಲೆಯೇನೋ ಎಂಬಷ್ಟು ಪುಟ್ಟದಾಗಿ. ಮುಂದೆ ಇರುವುದು ದೋಣಿಗೆ ಅವುಚಿ ಕುಳಿತ ಹುಟ್ಟು ಹಾಕುವವರು. ಇನ್ನೊಂದರಲ್ಲಿ ತಳವಿಲ್ಲದ ದೊಡ್ಡ ಮರದ ಪೀಪಾಯಿಯೊಳಗೆ ಬಗ್ಗಿ ಒಬ್ಬ ಉಜ್ಜುತ್ತಿದ್ದಾನೆ, ಆ ಪೀಪಾಯಿಯ ಗೋಲದೊಳಗೆ ಬೆರಳ ತುದಿಯಷ್ಟು ಫ್ಯೂಜಿ. ಅವನಿಗೆ ಪರ್ವತದ ಕಡೆ ನೋಡಲು ಪುರಸೊತ್ತಿಲ್ಲ.

ನಮ್ಮಲ್ಲಿ ಫ್ಯೂಜಿ ಇಲ್ಲ, ಸದಾಶಿವಗಡ ಇದೆ. 3,776 ಮೀಟರಿಗೂ ಇದಕ್ಕೂ ಹೋಲಿಕೆ ಸಲ್ಲ, ಹತ್ತಿ ಇಳಿಯಲು ಚಾ ಕುಡಿದಷ್ಟು ಹೊತ್ತು ಸಾಕು. ಆದರೆ ಕಾಳಿ ನದಿ ಸಮುದ್ರ ಸೇರುವಲ್ಲೇ ಬಡಗಣ ದಂಡೆಯ ಮೇಲೆ ಒಂಟಿಯಾಗಿ ನಿಂತಿದೆ, ಹಾಗಾಗಿ ಎಲ್ಲಿ ಹೋದರೂ ಕಾಣುತ್ತದೆ. ಸೋಂದೆಯ ಅರಸನೊಬ್ಬ ಕೋಟೆ ಕಟ್ಟಿ ತಂದೆ ಸದಾಶಿವಲಿಂಗನ ಹೆಸರಿಟ್ಟ ಗುಡ್ಡ ಇದು. ಸೋಂದೆ ನಮ್ಮೂರ ಕಡೆಯದು, ಅಷ್ಟರ ಮಟ್ಟಿಗೆ ನನಗೂ ಈ ಗುಡ್ಡಕ್ಕೂ ನಂಟು. ಇದರದ್ದೇ ಮೂವತ್ತಾರು ನೋಟ ತೆಗೆಯುತ್ತೇನೆ ಅಂತ ನಿರ್ಧರಿಸಿದೆ. ನಿಯಮ ಎರಡು. ಗುಡ್ಡ ಚೌಕಟ್ಟಿನಲ್ಲಿ ಇರಲೇಬೇಕು, ಆದರೆ ಎದುರಿಗೆ ಯಾರಾದರೂ ಏನಾದರೂ ಕೆಲಸ ಮಾಡುತ್ತಿರಬೇಕು.

ಇದರಿಂದ ಆದ ಮೊದಲ ಲಾಭ, ದೂರದ ತಿರುಗಾಟದ ಚಟ ತಾನಾಗಿ ಕಡಿಮೆಯಾಯಿತು. ಕೋಡಿಬಾಗ, ಸುಂಕೇರಿ, ಕಡವಾಡ, ದೇವಬಾಗ, ಬೈತಖೋಲ ಎಲ್ಲ ಸ್ಕೂಟಿಯ ಒಂದು ಲೀಟರ್ ಪೆಟ್ರೋಲಿನ ಒಳಗೇ. ವರ್ಷಗಟ್ಟಲೆ ಇಲ್ಲಿದ್ದೂ ಸುಂಕೇರಿ ಸೇತುವೆಯಾಚೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳನ್ನು ನಾನು ನೋಡಿದ್ದು ಈ ನೆಪದಲ್ಲೇ.

ಬೈತಖೋಲದ ಚಿತ್ರ ನನಗೆ ಇಷ್ಟ. ಬಂದರಿನ ಜೆಟ್ಟಿಯ ಮೇಲೆ ಹುಡುಗನೊಬ್ಬ ಹಳೆಯ ಲಾರಿ ಟೈರನ್ನು ನಿಲ್ಲಿಸಿಕೊಂಡು, ದೋಣಿಯ ಬದಿಗೆ ಕಟ್ಟಲು ಅದರೊಳಗೆ ಹಗ್ಗ ತೂರಿಸುತ್ತಿದ್ದ. ಪೀಪಾಯಿಯ ಚಿತ್ರ ತಲೆಯಲ್ಲಿ ಗಿರಕಿ ಹೊಡೆಯಿತು. ಮಂಡಿಯೂರಿದೆ, ಗುಡ್ಡ ಟೈರಿನೊಳಗೆ ಬರಲಿಲ್ಲ. ಹೊಟ್ಟೆಯ ಮೇಲೆ ಮಲಗಿದೆ, ಬಂತು. ಮೀನಿನ ನೀರು ಅಂಗಿಗೆ ಇಳಿಯಿತು. ಹುಡುಗ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಜಗ್ಗಿದ ಹೊತ್ತಿಗೆ ಒತ್ತಿದೆ. ಎಫ್‌ 11ಕ್ಕೆ ಲೆನ್ಸಿನ ಕಿಂಡಿ ಕಿರಿದು ಮಾಡಿದ್ದಕ್ಕೆ ಟೈರಿನ ಗೀರೂ ಬಂತು, ಆಚೆಯ ಗುಡ್ಡವೂ ಗುರುತು ಸಿಗುವಷ್ಟು ಬಂತು. ಆ ಅಂಗಿಯನ್ನು ಹೆಂಡತಿ ಒಳಗೆ ಬಿಟ್ಟುಕೊಳ್ಳಲಿಲ್ಲ.

ಮೀನು ಪೇಟೆಯಲ್ಲಿ ಮಾತ್ರ ಸರಿಯಾಗಿ ಪಾಠವಾಯಿತು. ಸಾಲಾಗಿ ಕುಳಿತ ಮೀನು ಮಾರುವ ಬಾಯಿಯರಲ್ಲಿ ಒಬ್ಬರ ಮುಖದ ಮೇಲೆ ಬೆಳಗಿನ ಓರೆ ಬಿಸಿಲು. ದೂರದಿಂದ ಉದ್ದ ಲೆನ್ಸಿನಲ್ಲಿ ನಾಲ್ಕೈದು ಹೊಡೆದೆ. ಅವರು ಕತ್ತಿ ಕೆಳಗಿಟ್ಟು ಕರೆದರು.

"ಏ ತಮ್ಮಾ, ಫೋಟೋ ಎಷ್ಟು ತೆಗೆದಿ?"

"ನಾಲ್ಕು ಅಕ್ಕಾ."

"ಮೀನು ಎಷ್ಟು ತಗೊಂಡಿ?"

ಉತ್ತರ ಇರಲಿಲ್ಲ. ಸುತ್ತಲಿನ ಹತ್ತು ಜನ ನಕ್ಕರು. ಮೀನು ತಿನ್ನದ ಹವ್ಯಕರ ಮನೆಯವನು ಹುಟ್ಟಿದಾರಭ್ಯ ಮೊದಲ ಸಲ ಒಂದು ಪಾಲು ಬಂಗಡೆ ಕೊಂಡೆ, ತಂದು ಮನೆ ಮಾಲೀಕರಿಗೆ ಕೊಟ್ಟೆ. ಮುಂದಿನ ವಾರ ಅಕ್ಕನ ಫೋಟೋ ಪ್ರಿಂಟ್ ಹಾಕಿಸಿ ಒಯ್ದೆ. ಈಗ ಅವರೇ ಕರೆದು ಹೇಳುತ್ತಾರೆ, ಇವತ್ತು ರಂಪಣಿ ಬಲೆ ಎಳೀತಾರೆ, ನಾಳೆ ಎಳೆಯಲ್ಲ ಅಂತ. ಉದ್ದ ಲೆನ್ಸನ್ನು ಅದೇ ವರ್ಷ ಮಾರಿದೆ. 35 ಎಂಎಂನ ಗಿಡ್ಡ ಲೆನ್ಸು ಒಂದರಲ್ಲೇ ತೆಗೆಯುತ್ತೇನೆ, ಹತ್ತಿರ ಹೋಗಲೇಬೇಕಾಗುತ್ತದೆ, ಮಾತಾಡಲೇಬೇಕಾಗುತ್ತದೆ. ಮೀನು ಮಾತ್ರ ಈಗಲೂ ಮಾಲೀಕರ ಮನೆಗೇ.

ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಒಂದು ಮಾತು. ಇಲ್ಲಿ ಲೆನ್ಸನ್ನು ಕೊಲ್ಲುವುದು ಬೀಳುವುದಲ್ಲ, ಬೂಸ್ಟು. ಒಂದು ಮಳೆಗಾಲ ಬ್ಯಾಗಿನಲ್ಲೇ ಬಿಟ್ಟ ಲೆನ್ಸಿನ ಒಳಗಾಜಿನ ಮೇಲೆ ಸೆಪ್ಟೆಂಬರಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಹಬ್ಬಿತ್ತು. ಅದಕ್ಕೆ ಮುಂಚೆ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯವರು ನನಗೆ ಬೂಸ್ಟು ಬಂದದ್ದನ್ನೇ 'ಹೊಸದರಂಗೇ ಇದೆ' ಅಂತ ಮಾರಿದ್ದರು, ಟಾರ್ಚು ಬಿಟ್ಟು ಒಳಗೆ ನೋಡಬೇಕೆಂದು ನನಗೂ ಗೊತ್ತಿರಲಿಲ್ಲ. ಈಗ ಮೇ ಕೊನೆಯಿಂದ ಎಲ್ಲವೂ ಗಾಳಿಯಾಡದ ದೊಡ್ಡ ಡಬ್ಬಿಯೊಳಗೆ, ಜೊತೆಗೆ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮೀಟರು. ಮುಳ್ಳು 40ರಿಂದ 50ರ ನಡುವೆ ಇರಬೇಕು. 60 ದಾಟಿ ದಿನಗಟ್ಟಲೆ ನಿಂತರೆ ಜೆಲ್ ತೆಗೆದು ಒಣಗಿಸುತ್ತೇನೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ದೋಸೆ ಕಾವಲಿಯ ಮೇಲೆ ಹುರಿಯಬೇಡಿ. ಸಮುದ್ರದ ಬದಿಯಿಂದ ಬಂದ ದಿನ ಮೊದಲು ಗಾಳಿ ಊದಿ ಮರಳು ಹಾರಿಸಿ, ಆಮೇಲೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ. ಒಣ ಬಟ್ಟೆ ಉಜ್ಜಿದರೆ ಉಪ್ಪೇ ಗಾಜನ್ನು ಗೀರುತ್ತದೆ.

ಆ ಡಬ್ಬಿ ಊರಿನಿಂದ ಎತ್ತಿಕೊಂಡು ಬಂದದ್ದು. "ಹಪ್ಪಳ ಎಲ್ಲಿ ಇಡವು ಹಂಗಾರೆ?" ಅಂತ ಆಯಿ ಈಗಲೂ ಕೇಳುತ್ತಾಳೆ.

ಇನ್ನು ಭಾಷೆ. ಮಳೆಗಾಲ ಕ್ಯಾಮೆರಾ ಡಬ್ಬಿಯೊಳಗೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ದಡದಲ್ಲಿ. ಆ ಎರಡು ತಿಂಗಳು ಪೂರ್ತಿ ಜಪಾನಿಗೆ ಬಿಟ್ಟುಕೊಟ್ಟೆ. ಇಂಗ್ಲಿಷಿನ ಮೂಲಕ ಕಲಿಯಲು ಹೊರಟು ಒಂದು ವರ್ಷ ಹಾಳು ಮಾಡಿಕೊಂಡವನು ನಾನು. ಕನ್ನಡದಿಂದ ನೇರ ಹೊರಟರೆ ಅರ್ಧ ಏರುದಾರಿ ಆಗಲೇ ಹತ್ತಿರುತ್ತೀರಿ. ಅಕ್ಷರಮಾಲೆ ಅ ಇ ಉ ಎ ಒ, ಆಮೇಲೆ ಕ, ಸ, ತ, ನ. ಬೌದ್ಧ ಭಿಕ್ಷುಗಳ ಜೊತೆ ಅಲ್ಲಿಗೆ ಹೋದ ನಮ್ಮ ವರ್ಣಕ್ರಮದ್ದೇ ನೆರಳು. ಕ್ರಿಯಾಪದ ಕೊನೆಗೆ. 'ಕ್ಕೆ' ಅನ್ನುವಲ್ಲಿ 'ನಿ', 'ಇಂದ' ಅನ್ನುವಲ್ಲಿ 'ಕರ', ಎರಡೂ ಪದದ ಹಿಂದೆಯೇ ಅಂಟುತ್ತವೆ. ನನಗೆ ನಿಜಕ್ಕೂ ರೋಮಾಂಚನವಾದದ್ದು 'ತಬೆತೆ ಮಿರು' ಓದಿದಾಗ. ಇಂಗ್ಲಿಷ್ ಪುಸ್ತಕ ಅದಕ್ಕೆ ಒಂದು ಪುಟ ವಿವರಣೆ ಕೊಟ್ಟಿತ್ತು. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ತಿಂದು ನೋಡು! 'ತಬೆತೆ ಶಿಮತ್ತ' ಅಂದರೆ ತಿಂದುಬಿಟ್ಟೆ, ಆ 'ಬಿಟ್ಟೆ'ಯೊಳಗಿನ ಅಯ್ಯೋ ಸಮೇತ. ಮಳೆಗೂ ಅವರಿಗೆ ಜೋಡಿ ಪದಗಳೇ ಬೇಕು: ನಮ್ಮ ಜಿಟಿಜಿಟಿಗೆ ಶಿತೊ ಶಿತೊ, ಗುಡುಗಿನ ಗುಡುಗುಡುಗೆ ಗೊರೊ ಗೊರೊ. ಜಪಾನಿನವರಲ್ಲಿ ಅದಕ್ಕೊಂದು ಪದವಿದೆ, ಇದಕ್ಕೊಂದು ಪದವಿದೆ ಅಂತ ಬೆರಗಾಗುವ ಗೆಳೆಯರಿಗೆ ನಾನು ಹೇಳುವುದಿಷ್ಟೆ, ನಮ್ಮ ಕರಾವಳಿಯ ಮಳೆಗೆ ಎಷ್ಟು ಪದ ಇದೆ ಅಂತ ಮೊದಲು ಎಣಿಸಿ.

ಇಷ್ಟೆಲ್ಲ ಹೆಮ್ಮೆಪಟ್ಟು, ಜಪಾನಿ ಭಾಷೆಯ ಮೊದಲ ಮೆಟ್ಟಿಲಾದ ಜೆಎಲ್‌ಪಿಟಿ ಎನ್‌5 ಪರೀಕ್ಷೆಗೆ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋದವನು ಫೇಲಾದೆ. 180ಕ್ಕೆ 80 ಬಂದರೆ ಪಾಸು, ನನಗೆ 88 ಬಂದಿತ್ತು. ಆದರೆ ಕೇಳಿ ಅರ್ಥಮಾಡಿಕೊಳ್ಳುವ ಭಾಗದಲ್ಲಿ ಬೇರೆಯಾಗಿ 60ಕ್ಕೆ 19 ಬೇಕು, ಬಂದದ್ದು 17. ಕಣ್ಣಲ್ಲಿ ಮಾತ್ರ ಕಲಿತದ್ದರ ಫಲ. ಮರುವರ್ಷ ಬೆಳಗ್ಗೆ ಆರಕ್ಕೆ ಟಾಗೋರ್ ಕಡಲತೀರದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕೇಳಿದ್ದನ್ನು ಅದೇ ಉಸಿರಲ್ಲಿ ಗಟ್ಟಿಯಾಗಿ ಹೇಳುತ್ತ ನಡೆದೆ. ಎಳನೀರಿನವನು ಒಂದು ದಿನ ತಡೆಯಲಾರದೆ ಕೇಳಿದ, "ದಿನಾ ಯಾರ ಜೊತೆ ಜಗಳ ಸರ್?" ಡಿಸೆಂಬರಿನಲ್ಲಿ ಪಾಸಾದೆ, ಅವನ ಹತ್ತಿರವೇ ಎರಡು ಎಳನೀರು ಕುಡಿದೆ.

ಜಪಾನಿಗೆ ಹೋದದ್ದು ಒಂದೇ ಸಲ, 2025ರ ಫೆಬ್ರವರಿಯಲ್ಲಿ. ತಿಂಗಳಿಗೆ 4,000ದಂತೆ ಮೂರು ವರ್ಷದ ಆರ್‌ಡಿ, ಜೊತೆಗೆ ಉದ್ದ ಲೆನ್ಸು ಮಾರಿದ ದುಡ್ಡು. ಚೆರ್ರಿ ಹೂವಿನ ಕಾಲ ದುಬಾರಿ. ನವೆಂಬರಿನಿಂದ ಆಕಾಶ ತಿಳಿಯಾಗಿ ಫ್ಯೂಜಿ ಚೆನ್ನಾಗಿ ಕಾಣುತ್ತದೆ, ಆದರೆ ಆಗ ನಮ್ಮಲ್ಲಿ ಅಡಿಕೆ ಗೊನೆಗಳ 'ಕೊನೆ ಕೊಯ್ಲು'. ಅಡಿಕೆ ಅಂಗಳದಲ್ಲಿ ಬಿಟ್ಟು ವಿಮಾನ ಹತ್ತಿದರೆ ಊರಲ್ಲಿ ತಲೆಯೆತ್ತುವಂತಿಲ್ಲ. ಫೆಬ್ರವರಿಯಲ್ಲಿ ಚಳಿ ಇದ್ದರೂ ಆಕಾಶವೂ ತಿಳಿ, ಅಂಗಳವೂ ಖಾಲಿ. ರೈಲ್ವೆಯ ಏಳು ದಿನದ ಪಾಸಿನ ದರ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿದ್ದರಿಂದ ಅದನ್ನು ಕೈಬಿಟ್ಟು, ಟೋಕಿಯೋದ ಶಿಂಜುಕುವಿನಿಂದ ಕವಾಗುಚಿ ಕೆರೆಗೆ ಬಸ್ಸಿನಲ್ಲಿ ಹೋದೆ.

ಊಟದ ಕಷ್ಟ ಮಾತ್ರ ಕಷ್ಟವೇ. ಸೊಪ್ಪಿನ ಸಾರು ಅಂತ ಬಾಯಿಗಿಟ್ಟರೆ ಅದರಲ್ಲಿ 'ದಶಿ', ಒಣಮೀನು ಕುದಿಸಿದ ನೀರು. ಅಕ್ಕಿಯುಂಡೆಯೊಳಗಿನ ಉಮೆಬೊಶಿ ಎಂಬ ಉಪ್ಪಿನ ಹುಳಿಹಣ್ಣು ಕೈ ಹಿಡಿಯಿತು. ಕಣ್ಣು ಮುಚ್ಚಿದರೆ ಉಪ್ಪಿನಲ್ಲಿಟ್ಟ ಅಪ್ಪೆಮಿಡಿಯ ಅಣ್ಣತಮ್ಮ. ವಸತಿಗೃಹದ ಅಜ್ಜಿಗೆಂದು ಒಯ್ದ ತೆಳು ಸಿಹಿತಿಂಡಿ ತೊಡೆದೇವು ಪೆಟ್ಟಿಗೆಯಲ್ಲಿ ಪುಡಿಪುಡಿಯಾಗಿತ್ತು. ಅವರು ಅದನ್ನು ಚಮಚದಲ್ಲಿ ತಿಂದು ಎರಡು ಸಲ ಬಗ್ಗಿ ವಂದಿಸಿದರು.

ಕವಾಗುಚಿ ಕೆರೆಯ ಆ ಊರಿನಲ್ಲೇ ಒಂದು ಲಾಸನ್ ಅಂಗಡಿ ಇದೆ, ಅದರ ಸೂರಿನ ಮೇಲೇ ಫ್ಯೂಜಿ ಕುಳಿತಂತೆ ಕಾಣುವ ಜಾಗ. ರಸ್ತೆಗೆ ನುಗ್ಗಿ ಫೋಟೋ ತೆಗೆಯುವವರ ಕಾಟಕ್ಕೆ 2024ರ ಮೇ ತಿಂಗಳಲ್ಲಿ ಊರಿನವರು ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿದ್ದರು. ನಾನು ಹೋಗುವಾಗ ಅದು ಇರಲಿಲ್ಲ, ಗುಂಪು ಇತ್ತು. ಎದುರಿಗೆ ನಿಂತೆ, ಕ್ಯಾಮೆರಾ ಎತ್ತಿದೆ. ಮೀನು ಎಷ್ಟು ತಗೊಂಡಿ ಅನ್ನುವ ದನಿ ಕೇಳಿಸಿತು. ಒಳಗೆ ಹೋಗಿ ಒಂದು ಬಿಸಿ ಚಾ ಕೊಂಡು, ಬಸ್ ನಿಲ್ದಾಣಕ್ಕೆ ನಡೆದೆ. ನಾನು ತಂದ ಫ್ಯೂಜಿ ಬೇರೆ, ಬೆಳಗ್ಗೆ ಏಳಕ್ಕೆ ಕೆರೆಯಂಚಿನಲ್ಲಿ ಅಜ್ಜನೊಬ್ಬ ಮೆಟ್ಟಿಲ ಮೇಲಿನ ಹಿಮ ಗೋರುತ್ತಿರುವುದು, ಹಿಂದೆ ಮೂಲೆಯಲ್ಲಿ ಪರ್ವತ. ಕೇಳಿಯೇ ತೆಗೆದದ್ದು. 'ತೊತ್ತೆ ಮೊ ಈ ದೆಸು ಕ' ಅಂದೆ, ತೆಗೆದರೆ ಅಡ್ಡಿಯಿಲ್ಲವೇ ಅಂತ. ಹತ್ತು ದಿನದಲ್ಲಿ ತಡವರಿಸದೆ ಹೇಳಿದ ವಾಕ್ಯ ಅದೊಂದೇ.

ಸದಾಶಿವಗಡದ ಲೆಕ್ಕ ಇನ್ನೂ ಮುಗಿದಿಲ್ಲ. ಒಂಬತ್ತನೆಯದು ಕೋಡಿಬಾಗದ ದಂಡೆಯಿಂದ ತೆಗೆದದ್ದು, ಕಾಳಿಯ ಹಳೆ ಸೇತುವೆಯ ಎರಡು ಕಂಬಗಳ ನಡುವೆ ಗುಡ್ಡ, ಕೆಳಗೆ ಬಲೆ ಬೀಸುವವನು. ಕಂಬ ಸ್ವಲ್ಪ ವಾಲಿ ಬಂದಿದೆ, ಇನ್ನೊಮ್ಮೆ ತೆಗೆಯೋಣ ಅಂತ ಬಿಟ್ಟಿದ್ದೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದು ಆ ಸೇತುವೆ ನದಿಗೆ ಕುಸಿಯಿತು. ಜೊತೆಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿ ಮೇಲೆತ್ತಿದರು. ವಾಲಿದ ಕಂಬದ ಚಿತ್ರವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಈಗ ಇಪ್ಪತ್ತೊಂಬತ್ತು ಆಗಿವೆ. ಮೂವತ್ತನೆಯದಕ್ಕೆ ದೇವಬಾಗದ ಕಡೆ ಬೆಳಗಿನ ಸುಕ್ತಿ ಬೇಕು, ನೀರು ಇಳಿದ ಒದ್ದೆ ಮರಳಲ್ಲಿ ಗುಡ್ಡ ತಲೆಕೆಳಗಾಗಿ ಬೀಳಬೇಕು, ಚಿಪ್ಪಿ ಆರಿಸುವವರೂ ಅದೇ ಹೊತ್ತಿಗೆ ಬರುತ್ತಾರೆ. ಮೀನಿನ ಅಕ್ಕ ಹೇಳಿದ ಪ್ರಕಾರ ಅದು ಬರುವ ಭಾನುವಾರ, ಆರೂವರೆಗೆ. ನಿನ್ನೆ ರಾತ್ರಿ ಆಯಿಯ ಫೋನು ಬಂದಿತ್ತು. ಅಡಿಕೆ ಕೊಯ್ಯಲು ಕೊನೆಗೌಡ ಬರುವುದೂ ಭಾನುವಾರವಂತೆ.