ಕರೆನ್ ಜನರ ಗುಡ್ಡದೂರಿಗೆ ಹೋಗಿ ಎರಡು ರಾತ್ರಿ ಉಳಿಯುವ ಬಗೆ

ಹುಬ್ಬಳ್ಳಿ-ಧಾರವಾಡದಿಂದ ಥಾಯ್ಲೆಂಡಿಗೆ ಹೋದವರಲ್ಲಿ ಹೆಚ್ಚಿನವರು ಬ್ಯಾಂಕಾಕ್ ಮತ್ತು ಪಟ್ಟಾಯ ನೋಡಿಕೊಂಡು ಮರಳುತ್ತಾರೆ. ಅದೇ ಪ್ರವಾಸಕ್ಕೆ ನಾಲ್ಕು ದಿನ ಸೇರಿಸಿಕೊಂಡರೆ, ಆ ದೇಶದ ಉತ್ತರದ ಗುಡ್ಡಗಳಲ್ಲಿ ಕರೆನ್ ಎಂಬ ಗುಡ್ಡಗಾಡು ಜನರ ಒಕ್ಕಲು ಮನೆಯೊಂದರಲ್ಲಿ ಉಳಿದು, ಅವರ ಗದ್ದೆ, ಒಲೆ, ಮಗ್ಗಗಳ ನಡುವೆ ದಿನ ಕಳೆಯಬಹುದು. ಒಂದೇ ದಿನದಲ್ಲಿ ಮೂರು ನಾಲ್ಕು ಊರು ತೋರಿಸುವ ಪ್ಯಾಕೇಜ್ ಮಾತ್ರ ಬೇಡ. ಒಂದೇ ಊರಿನಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯಿರಿ, ಏಕೆಂದರೆ ಮೊದಲ ದಿನ ನೀವು ಅಪರಿಚಿತರು, ಎರಡನೆಯ ದಿನವಷ್ಟೇ ಮನೆಯವರು ನಿಮ್ಮನ್ನು ಗದ್ದೆಗೆ ಕರೆಯುತ್ತಾರೆ.

ಕೊರಳಿಗೆ ಹಿತ್ತಾಳೆಯ ಸುರುಳಿ ತೊಟ್ಟ ಹೆಂಗಸರ ಚಿತ್ರ ನೋಡಿ ಕರೆನ್ನರೆಲ್ಲರೂ ಹಾಗೆಯೇ ಎಂದು ತಿಳಿಯುವುದು ತಪ್ಪು. ಅದು ಕಯಾನ್ ಪಂಗಡದವರ ರೂಢಿ. ಮ್ಯಾನ್ಮಾರಿನ ಸಂಘರ್ಷದಿಂದ ಗಡಿ ದಾಟಿ ಬಂದ ಅವರಲ್ಲಿ ಹಲವರು ಪ್ರವೇಶ ಶುಲ್ಕ ಪಡೆಯುವ ಊರುಗಳಲ್ಲಿ ಪ್ರವಾಸಿಗರ ಕಣ್ಣೆದುರೇ ಬದುಕಬೇಕಾಗಿದೆ, ಅದನ್ನು ನೋಡಲು ಹೋಗಿರೆಂದು ನಾನು ಹೇಳಲಾರೆ. ಇಲ್ಲಿ ಹೇಳುತ್ತಿರುವುದು ಬೇಸಾಯವನ್ನೇ ನಂಬಿದ ಸ್ಗಾ ಎಂಬ ಇನ್ನೊಂದು ಪಂಗಡದ ಕರೆನ್ನರ ಊರುಗಳ ವಿಷಯ.

ಹುಬ್ಬಳ್ಳಿಯಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಸುಮಾರು 4 ಗಂಟೆಯಲ್ಲಿ ಬ್ಯಾಂಕಾಕ್, ಮುಂದೆ ಸುಮಾರು 700 ಕಿ.ಮೀ. ದೂರದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು ಅಥವಾ ವಿಮಾನ. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯವಾಗಿದ್ದು, ತಲುಪುವ ಮುಂಚಿನ ಮೂರು ದಿನಗಳೊಳಗೆ ಅದನ್ನು ಆನ್‌ಲೈನಿನಲ್ಲಿ ತುಂಬಬೇಕು. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ಮುನ್ನ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. 2,565 ಮೀಟರ್ ಎತ್ತರದ ದೋಯ್ ಇಂಥನಾನ್ ಪರ್ವತದ ಮಗ್ಗುಲಲ್ಲಿರುವ ಬಾನ್ ಮೇ ಕ್ಲಾಂಗ್ ಲುವಾಂಗ್, ಮೇ ಚೇಮ್ ಕಡೆಯ ಬಾನ್ ಪಾ ಪಾಂಗ್ ಪಿಯಾಂಗ್ ಎರಡೂ ಮೊದಲ ಸಲ ಹೋಗುವವರಿಗೆ ತಕ್ಕ ಊರುಗಳು. ಚಿಯಾಂಗ್ ಮಾಯ್‌ನಲ್ಲೇ ನಗದು ತೆಗೆದುಕೊಂಡು ಬಾಡಿಗೆ ವಾಹನದಲ್ಲಿ ಹೊರಡಿ.

ಮಳೆ ಹಿಡಿದ ಮೇಲೆ ಮೆಟ್ಟಿಲು ಗದ್ದೆಗಳಲ್ಲಿ ನಾಟಿ ನಡೆಯುತ್ತದೆ, ಅಕ್ಟೋಬರ್-ನವೆಂಬರ್ ಸುಗ್ಗಿಯ ಕಾಲ. ಡಿಸೆಂಬರಿನ ರಾತ್ರಿಗಳಿಗೆ ಸ್ವೆಟರ್, ಟೊಪ್ಪಿಗೆ ಎರಡೂ ಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಡು, ಹೊಲಗಳ ಬೆಂಕಿಯ ಹೊಗೆ ಕಣಿವೆಗಳಲ್ಲಿ ತುಂಬಿಕೊಳ್ಳುವುದರಿಂದ, ಉಬ್ಬಸವಿರುವವರು ಆಗ ಹೋಗಲೇಬಾರದು.

ಮನೆಗಳು ಕಂಬಗಳ ಮೇಲೆ ನಿಂತಿರುತ್ತವೆ, ಕೆಳಗೆ ಕೋಳಿ, ಹಂದಿಗಳ ಓಡಾಟ. ಏಣಿಯ ಬುಡದಲ್ಲೇ ಚಪ್ಪಲಿ ಬಿಡಿ. ಫೋಟೊ ತೆಗೆಯುವ ಮುನ್ನ ಕೇಳಿ, ಧನ್ಯವಾದಕ್ಕೆ ‘ತಾ ಬ್ಲು’ ಎನ್ನಿ. ಅನ್ನ, ಕುಂಬಳಕಾಯಿ, ಕಾಡಿನ ಸೊಪ್ಪು, ಕುಟ್ಟಿದ ಮೆಣಸಿನಕಾಯಿ ನಮ್ಮ ನಾಲಿಗೆಗೆ ಹತ್ತುತ್ತವೆ, ಆದರೆ ಮಾಂಸ, ಮೀನು ಸಾಮಾನ್ಯ. ಸಸ್ಯಾಹಾರಿಗಳು ಮೊದಲೇ ‘ಜೇ’ ಎಂಬ ಥಾಯ್ ಪದದಿಂದ ತಿಳಿಸಿ, ಜೊತೆಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡರೆ ಮನೆಯವರಿಗೂ ಹೊರೆಯಾಗದು. ಪಾತ್ರೆ ಬೇರೆ ಬೇಕೆಂದು ಹಟ ಹಿಡಿಯುವುದು ಮಾತ್ರ ಸಲ್ಲದು.

ಕಾಡಿನಲ್ಲಿ ನಡೆಯುವಾಗ ಮರಗಳನ್ನು ಮುಟ್ಟುವ ಮುನ್ನ ಜೊತೆಗಿರುವವರನ್ನು ಕೇಳಿರಿ. ಮಗು ಹುಟ್ಟಿದಾಗ ಹೊಕ್ಕುಳ ಬಳ್ಳಿಯನ್ನು ಬಿದಿರಿನ ಕೊಳವೆಯಲ್ಲಿಟ್ಟು ಒಂದು ಮರಕ್ಕೆ ಕಟ್ಟುವ ಪದ್ಧತಿ ಅವರದು, ಆ ಮರವನ್ನು ಯಾರೂ ಕಡಿಯುವಂತಿಲ್ಲ. ಗುಡ್ಡದ ಹೊಲವನ್ನು ಒಂದು ವರ್ಷ ಬಿತ್ತಿ, ಮುಂದೆ ಹಲವು ವರ್ಷ ಬೀಳು ಬಿಟ್ಟು ಕಾಡು ಮರಳಿ ಬೆಳೆಯಲು ಬಿಡುವ ಬೇಸಾಯವೂ ಅವರಲ್ಲಿದೆ. ಬೀಳು ಕಂಡು ಪಾಳುಬಿದ್ದ ನೆಲವೆಂದುಕೊಳ್ಳಬೇಡಿ.

ಮಧ್ಯಾಹ್ನದ ಹೊತ್ತನ್ನು ಮಗ್ಗಕ್ಕೆ ಮೀಸಲಿಡಿ. ಬೆಟಗೇರಿಯ ಕುಣಿಮಗ್ಗ ನೋಡಿದವರಿಗೆ ಇದು ಬೆರಗು ತರುತ್ತದೆ, ಏಕೆಂದರೆ ಇಲ್ಲಿ ಚೌಕಟ್ಟೇ ಇಲ್ಲ. ಹಾಸಿನ ಒಂದು ತುದಿಯನ್ನು ಮನೆಯ ಕಂಬಕ್ಕೆ, ಇನ್ನೊಂದನ್ನು ಸೊಂಟದ ಪಟ್ಟಿಗೆ ಬಿಗಿದುಕೊಂಡು, ಹೆಣ್ಣುಮಗಳು ಕಾಲು ಚಾಚಿ ಕೂತು, ಬೆನ್ನು ಹಿಂದಕ್ಕೆ ಬಾಗಿಸಿದಾಗ ನೂಲು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದಾಗ ಸಡಿಲಾಗುತ್ತದೆ. ಮದುವೆಯಾಗದವರಿಗೆ ಬಿಳಿಯ ನಿಲುವಂಗಿ. ಮದುವೆಯಾದವರ ಕುಪ್ಪಸಕ್ಕೆ ಹುಲ್ಲಿನ ಜಾತಿಯ ಗಿಡವೊಂದರ ಬಿಳಿ ಬೀಜಗಳನ್ನು ಪೋಣಿಸಿ ಹೊಲಿದಿರುತ್ತಾರೆ. ಬಟ್ಟೆ ಕೊಳ್ಳುವುದಾದರೆ ನೇಯ್ದವರ ಕೈಗೇ ಹಣ ಕೊಡಿ, ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಮಾಡಿದಂತೆ ಚೌಕಾಸಿ ಮಾಡಬೇಡಿ.